ಕೆಲಸದ ಇಂಗ್ಲಿಷು



ಇಂಗ್ಲಿಷಿನ ವಿಚಾರವಾಗಿ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಬರೆಯಹೊರಟರೆ, ‘ಇದರಲ್ಲಿ ಹೊಸತೇನಿದೆ? ಬೇಕೆನ್ನುವವರು ಬೇಕೆನ್ನುತ್ತಾರೆ, ಬೇಡವೆನ್ನುವವರು ಬೇಡವೆನ್ನುತ್ತಾರೆ’ ಎಂದು ನೀವು ಪುಟ ಮಗುಚಬಹುದು. ಬೇಕೋ ಬೇಡವೋ ಎಂಬ ಆ ಹಳೆಯ ವಾದವನ್ನು ನಾನು ಎತ್ತಿಕೊಂಡಿಲ್ಲ. ಇಂಜಿನಿಯರಿಂಗ್ ಮತ್ತು ತಾಂತ್ರಿಕ ಉದ್ಯೋಗಗಳಿಗೆ ಹೋಗುವ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಎಂಥ ಇಂಗ್ಲಿಷು ಬೇಕು, ಅದನ್ನು ಯಾವ ದಾರಿಯಿಂದ ಕಲಿಸಬೇಕು ಎಂಬಷ್ಟೇ ನನ್ನ ಪ್ರಶ್ನೆ. ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿಗೆ ಯಂತ್ರಗಳ ಗೊಡವೆ ಏಕೆಂದು ಕೇಳುವವರಿಗೆ ಉತ್ತರ ಮುಂದೆ ದೊರೆಯುತ್ತದೆ.

ನಮ್ಮ ಮನೆ ಕಾಪುವಿನಲ್ಲಿ. ತಾಯಿ ಬೀಡಿ ಕಟ್ಟುತ್ತಾರೆ. ತಂದೆ ಮಲ್ಪೆ ಬಂದರಿನಲ್ಲಿ ಮೀನುಗಾರಿಕೆ ಬೋಟುಗಳ ಇಂಜಿನು ದುರಸ್ತಿ ಮಾಡುತ್ತಾರೆ. ಮಳೆಗಾಲದಲ್ಲಿ ಜೂನ್ ಮತ್ತು ಜುಲೈ ತಿಂಗಳು ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲವಷ್ಟೆ; ಊರಿಗೆಲ್ಲ ಬಿಡುವಾದ ಆ ಕಾಲದಲ್ಲಿ ಅವರಿಗೆ ಬಿಡುವಿಲ್ಲ. ಅವರು ಓದಿದ್ದು ಐದನೆಯ ತರಗತಿ. ಆದರೆ ಕೆಲಸದ ನಡುವೆ ಅವರಾಡುವ ಮಾತನ್ನು ಕೇಳಿ ನೋಡಿ: ಗೇರುಬಾಕ್ಸು, ಪ್ರೊಪೆಲ್ಲರು, ಶಾಫ್ಟು, ಬೇರಿಂಗು, ನಾಝಲು, ಫಿಲ್ಟರು, ಗ್ಯಾಸ್ಕೆಟ್ಟು. ‘ಗ್ಯಾಸ್ಕೆಟ್ ಪೋತುಂಡು’ ಎಂದು ಅವರು ತುಳುವಿನಲ್ಲಿ ಹೇಳಿದರೆ ಗ್ಯಾಸ್ಕೆಟ್ಟು ಹೋಗಿದೆ ಎಂದರ್ಥ. ವಸ್ತುವಿನ ಹೆಸರು ಇಂಗ್ಲಿಷು, ವಾಕ್ಯ ತುಳು. ಒಮ್ಮೆ ಕುತೂಹಲದಿಂದ ಅವರಾಡುವ ಇಂಗ್ಲಿಷು ಪದಗಳನ್ನು ಪಟ್ಟಿ ಮಾಡಿದೆ. ಒಂದು ವಾರದಲ್ಲಿ 160 ದಾಟಿತು. ಇಂಗ್ಲಿಷು ಬಾರದ ಮನುಷ್ಯನೊಬ್ಬನ ಬಾಯಲ್ಲಿ 160 ಇಂಗ್ಲಿಷು ಪದಗಳು! ಆ ದಿನ ನನಗೆ ಒಂದು ಸಂಗತಿ ಹೊಳೆಯಿತು: ನಮ್ಮವರಿಗೆ ನಾಮಪದಗಳ ಕೊರತೆಯಿಲ್ಲ. ಕೊರತೆಯಿರುವುದು ವಾಕ್ಯಗಳದು. ಏನಾಯಿತು, ಯಾವಾಗ ಆಯಿತು, ನಾನೇನು ಮಾಡಿದೆ, ಇನ್ನೇನು ಮಾಡಬೇಕು ಎಂಬ ನಾಲ್ಕು ಮಾತುಗಳನ್ನು ಕಾಗದದ ಮೇಲೆ ಇಡುವ ಶಕ್ತಿ ಇಲ್ಲ.

ಈ ಕೊರತೆಯ ಬೆಲೆಯೆಷ್ಟೆಂಬುದನ್ನು ನನ್ನ ಅಣ್ಣ ತೋರಿಸಿಕೊಟ್ಟ. ಅವನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಹೊರಜಿಲ್ಲೆಯ ಒಂದು ಕಾರ್ಖಾನೆಯಲ್ಲಿ ಗುತ್ತಿಗೆಯ ಮೇಲೆ ಕೆಲಸಕ್ಕೆ ಸೇರಿದ. ಒಂದು ರಾತ್ರಿಪಾಳಿಯಲ್ಲಿ ಪಂಪೊಂದರ ಬೇರಿಂಗು ವಿಚಿತ್ರವಾಗಿ ಸದ್ದು ಮಾಡುವುದು ಅವನ ಕಿವಿಗೆ ಬಿತ್ತು. ಅಪ್ಪನ ಜೊತೆ ಬೋಟುಗಳಲ್ಲಿ ಬೆಳೆದವನ ಕಿವಿ, ತಪ್ಪುವಂಥದಲ್ಲ. ಪಾಳಿ ಬಿಡುವಾಗ ಪುಸ್ತಕದಲ್ಲಿ ಇಂಗ್ಲಿಷಿನಲ್ಲಿ ಬರೆದಿಡಬೇಕು ಎಂಬುದು ಅಲ್ಲಿಯ ನಿಯಮ. ಅವನು ಬರೆದದ್ದು ಮೂರು ಪದ: ‘ಪಂಪ್ ನಾಟ್ ಗುಡ್’. ಆ ಬರಹವನ್ನು ನೋಡಿ ಮುಂದಿನ ಪಾಳಿಯವರು ನಕ್ಕರಂತೆ, ಪಂಪನ್ನು ನೋಡಲಿಲ್ಲ. ಎರಡು ದಿನಗಳ ಮೇಲೆ ಪಂಪು ಹಿಡಿದುಕೊಂಡು ನಿಂತಿತು, ಉತ್ಪಾದನೆಯೂ ನಿಂತಿತು. ವಿಚಾರಣೆಯಾದಾಗ ‘ಯಾವ ಪಂಪು? ಏನು ಕೆಟ್ಟಿತ್ತು? ಎಷ್ಟು ಗಂಟೆಗೆ?’ ಎಂಬ ಪ್ರಶ್ನೆಗಳಿಗೆ ಆ ಮೂರು ಪದಗಳಲ್ಲಿ ಉತ್ತರವಿರಲಿಲ್ಲ. ಮುಂದಿನ ತಿಂಗಳು ಅವನ ಗುತ್ತಿಗೆ ಮುಂದುವರಿಯಲಿಲ್ಲ.

ಅಣ್ಣ ಊರಿಗೆ ಬಂದ. ಅಂಗಳದಲ್ಲಿ ಕುಳಿತು ಅದೇ ಸಂಗತಿಯನ್ನು ತುಳುವಿನಲ್ಲಿ ಅಪ್ಪನಿಗೆ ವಿವರಿಸಿದಾಗ ಎಷ್ಟು ಸೊಗಸಾಗಿತ್ತು! ಎರಡನೆಯ ಪಂಪು, ಮೋಟರಿನ ಕಡೆಯ ಬೇರಿಂಗು, ರಾತ್ರಿ ಎರಡು ಗಂಟೆಯಿಂದ ಸದ್ದು, ಮುಟ್ಟಿದರೆ ಕೈ ಸುಡುವ ಬಿಸಿ, ಗ್ರೀಸು ಹಾಕಿದರೂ ನಿಲ್ಲಲಿಲ್ಲ. ಒಬ್ಬ ಒಳ್ಳೆಯ ಇಂಜಿನಿಯರನ ವರದಿಗೆ ಇದಕ್ಕಿಂತ ಹೆಚ್ಚೇನು ಬೇಕು? ಜ್ಞಾನವಿತ್ತು, ಜವಾಬ್ದಾರಿಯಿತ್ತು, ಅವು ಕಾಗದಕ್ಕೆ ಇಳಿಯಲಿಲ್ಲ, ಅಷ್ಟೆ.

‘ನೀನು ಬಿ.ಎ. ಓದುವವಳಲ್ಲವಾ, ಇದನ್ನು ಇಂಗ್ಲಿಷಿನಲ್ಲಿ ಬರೆದುಕೊಡು ನೋಡುವಾ’ ಎಂದ ಅಣ್ಣ. ನಮ್ಮ ಮನೆಯಲ್ಲಿ ಕಾಲೇಜಿನ ಪದವಿ ತರಗತಿಗೆ ಕಾಲಿಟ್ಟವಳು ನಾನೊಬ್ಬಳೇ. ಇಂಗ್ಲಿಷು ಪಠ್ಯದಲ್ಲಿ ಪದ್ಯಗಳ ಸಾರಾಂಶ ಬರೆದು ಒಳ್ಳೆಯ ಅಂಕ ಗಳಿಸಿದವಳು. ಅಭಿಮಾನದಿಂದಲೇ ಲೇಖನಿ ಹಿಡಿದೆ. ಹೇಳಲು ಸಂಕೋಚವಾಗುತ್ತದೆ, ನನ್ನಿಂದ ಆಗಲಿಲ್ಲ. ವ್ಯಾಕರಣ ನನಗೆ ಗೊತ್ತಿತ್ತು, ವಸ್ತು ಗೊತ್ತಿರಲಿಲ್ಲ. ಅವನಿಗೆ ವಸ್ತು ಗೊತ್ತಿತ್ತು, ವ್ಯಾಕರಣ ಗೊತ್ತಿರಲಿಲ್ಲ. ‘ನಡುಗುತ್ತಿದೆ’ ಎಂಬುದಕ್ಕೆ ನಾನು ಚಳಿಗೆ ನಡುಗುವ ಪದವನ್ನು ಬರೆದರೆ ಅವನು ಬಿದ್ದು ಬಿದ್ದು ನಕ್ಕ. ಯಂತ್ರದ ನಡುಕಕ್ಕೆ ‘ವೈಬ್ರೇಶನ್’ ಎನ್ನಬೇಕಂತೆ. ಆ ಸಂಜೆಯಿಂದ ನಾವಿಬ್ಬರೂ ಒಂದು ನೋಟುಪುಸ್ತಕ ಇಟ್ಟೆವು. ಎಡಪುಟದಲ್ಲಿ ಅವನ ಮಾತು ಕನ್ನಡದಲ್ಲಿ, ಬಲಪುಟದಲ್ಲಿ ನಾವಿಬ್ಬರೂ ಕೂಡಿ ಕಟ್ಟಿದ ಇಂಗ್ಲಿಷು ವಾಕ್ಯ. ಆ ಪುಸ್ತಕವೇ ಈ ಲೇಖನಕ್ಕೆ ಕಾರಣ.

ಆ ಪುಸ್ತಕ ಬೆಳೆದಂತೆ, ಕೆಲಸದ ಇಂಗ್ಲಿಷು ಬೇರೆ, ಪರೀಕ್ಷೆಯ ಇಂಗ್ಲಿಷು ಬೇರೆ, ಶೋಕಿಯ ಇಂಗ್ಲಿಷು ಮತ್ತೂ ಬೇರೆ ಎಂಬುದು ಸ್ಪಷ್ಟವಾಗತೊಡಗಿತು. ಒಂದೆರಡು ಉದಾಹರಣೆ ಕೊಡುತ್ತೇನೆ. ನಮಗೆ ಶಾಲೆಯಲ್ಲಿ ‘ಟಾಲರೆನ್ಸ್’ ಎಂದರೆ ಸಹನೆ ಎಂದು ಕಲಿಸಿದರು. ಕಾರ್ಖಾನೆಯಲ್ಲಿ ಅದು ಅಳತೆಯಲ್ಲಿ ಎಷ್ಟು ಹೆಚ್ಚುಕಡಿಮೆಯನ್ನು ಒಪ್ಪಬಹುದು ಎಂಬ ಮಿತಿ. ‘ಸ್ಟ್ರೆಸ್’, ‘ಸ್ಟ್ರೇನ್’ ಎರಡೂ ನಮಗೆ ಮನಸ್ಸಿನ ಒತ್ತಡವೇ. ಇಂಜಿನಿಯರನಿಗೆ ಮೊದಲನೆಯದು ವಸ್ತುವಿನ ಇಷ್ಟು ವಿಸ್ತೀರ್ಣದ ಮೇಲೆ ಇಷ್ಟು ಬಲ ಎಂಬ ಲೆಕ್ಕ. ಎರಡನೆಯದು ಆ ಬಲದಿಂದ ವಸ್ತು ತನ್ನ ಮೂಲ ಉದ್ದದ ಎಷ್ಟನೆಯ ಪಾಲು ಹಿಗ್ಗಿತು ಅಥವಾ ಕುಗ್ಗಿತು ಎಂಬ ಲೆಕ್ಕ. ಒಂದರ ಜಾಗದಲ್ಲಿ ಇನ್ನೊಂದನ್ನು ಬರೆದರೆ ಕವಿತೆ ಕೆಡುವುದಿಲ್ಲ, ಸೇತುವೆ ಕೆಡುತ್ತದೆ.

ಇನ್ನೊಂದು ಉದಾಹರಣೆ ಇದಕ್ಕಿಂತ ಸ್ವಾರಸ್ಯಕರವಾದುದು. ‘ಶ್ಯಾಲ್’ ಎಂಬುದು ಭವಿಷ್ಯತ್ಕಾಲ ಎಂದು ನಾವೆಲ್ಲ ಉರುಹೊಡೆದಿದ್ದೇವೆ. ಆದರೆ ಅಂತರರಾಷ್ಟ್ರೀಯ ಮಾನಕಗಳಲ್ಲಿ, ಟೆಂಡರು ಕಾಗದಗಳಲ್ಲಿ ‘ಶ್ಯಾಲ್’ ಎಂದರೆ ಕಡ್ಡಾಯ. ‘ಶುಡ್’ ಎಂದರೆ ಹಾಗೆ ಮಾಡುವುದು ಒಳ್ಳೆಯದೆಂಬ ಸಲಹೆ. ‘ಮೇ’ ಎಂದರೆ ಅನುಮತಿ. ಈ ಮೂರು ಸಣ್ಣ ಪದಗಳ ವ್ಯತ್ಯಾಸ ತಿಳಿಯದ ಗುತ್ತಿಗೆದಾರ ಹಣ ಕಳೆದುಕೊಳ್ಳುತ್ತಾನೆ. ಇದನ್ನು ಅಣ್ಣನಿಗೆ ತಿಳಿಸಲು ನಾನು ಇಂಗ್ಲಿಷಿನಲ್ಲಿ ಹೆಣಗಾಡಿ ಸೋತೆ. ಕೊನೆಗೆ ನಮ್ಮ ಸರಕಾರಿ ಸುತ್ತೋಲೆಗಳ ಕನ್ನಡ ನೆನಪಾಯಿತು. ‘ಮಾಡತಕ್ಕದ್ದು’, ‘ಮಾಡುವುದು ಒಳಿತು’, ‘ಮಾಡಬಹುದು’ ಎಂದೆ. ಅರೆಗಳಿಗೆಯಲ್ಲಿ ಅವನಿಗೆ ಅರ್ಥವಾಯಿತು. ಇಂಗ್ಲಿಷು ಕಲಿಯಲು ಕನ್ನಡವೇ ಹತ್ತಿರದ ಏಣಿ ಎಂಬ ನನ್ನ ನಂಬಿಕೆ ಹುಟ್ಟಿದ್ದು ಆಗ.

ಈ ಕೆಲಸದ ಇಂಗ್ಲಿಷು ಸಮುದ್ರದಷ್ಟು ದೊಡ್ಡದೆಂದು ಹೆದರಬೇಕಾಗಿಲ್ಲ. ವಿಮಾನಗಳ ದುರಸ್ತಿ ಕೈಪಿಡಿಗಳನ್ನು ಓದುವ ಅನೇಕರ ಮಾತೃಭಾಷೆ ಇಂಗ್ಲಿಷಲ್ಲ ಎಂಬುದನ್ನರಿತು, ಯೂರೋಪಿನ ವಿಮಾನೋದ್ಯಮದವರು 1980ರ ದಶಕದಲ್ಲಿ ಒಂದು ಸರಳೀಕೃತ ಇಂಗ್ಲಿಷನ್ನು ರೂಪಿಸಿದರು. ಅದರ ಪದಕೋಶದಲ್ಲಿ ಒಪ್ಪಿತವಾದ ಸಾಮಾನ್ಯ ಪದಗಳು ಸುಮಾರು 900. ಯಂತ್ರಭಾಗಗಳ ಹೆಸರುಗಳು ಮಾತ್ರ ಬೇರೆ. ಆದಷ್ಟು ಮಟ್ಟಿಗೆ ಒಂದು ಪದಕ್ಕೆ ಒಂದೇ ಅರ್ಥ. ‘ಫಾಲೋ’ ಎಂದರೆ ಹಿಂದೆ ಬರುವುದು ಮಾತ್ರ. ಸೂಚನೆಯನ್ನು ಪಾಲಿಸು ಎನ್ನಬೇಕಾದರೆ ‘ಒಬೇ’ ಎಂದೇ ಬರೆಯಬೇಕು. ಕೆಲಸದ ಸೂಚನೆಯ ಒಂದು ವಾಕ್ಯದಲ್ಲಿ 20 ಪದಗಳಿಗಿಂತ ಹೆಚ್ಚಿರಕೂಡದು. ವಿಮಾನವನ್ನು ಹಾರಾಟಕ್ಕೆ ಸಿದ್ಧಪಡಿಸಲು ಇಷ್ಟು ಸಾಕಾದರೆ, ಪಂಪಿನ ಬೇರಿಂಗು ಬಿಸಿಯಾಗಿದೆಯೆಂದು ತಿಳಿಸಲು ಎಷ್ಟು ಬೇಕು? ನನ್ನ ತಂದೆಯ 160 ನಾಮಪದಗಳು ಆಗಲೇ ನಮ್ಮ ಕೈಯಲ್ಲಿವೆಯಲ್ಲ!

ಹಾಗೆಂದು ಇಂಗ್ಲಿಷು ಚೆನ್ನಾಗಿ ಬಲ್ಲವರೆಲ್ಲ ಸ್ಪಷ್ಟವಾಗಿ ತಿಳಿಸುತ್ತಾರೆಂದೂ ಭ್ರಮಿಸಬಾರದು. 1999ರ ಸೆಪ್ಟೆಂಬರಿನಲ್ಲಿ ಅಮೆರಿಕದ ಬಾಹ್ಯಾಕಾಶ ಸಂಸ್ಥೆಯ ನೌಕೆಯೊಂದು ಮಂಗಳಗ್ರಹದ ಬಳಿ ನಾಶವಾಯಿತು. ಒಂದು ತಂಡದ ಲೆಕ್ಕ ಪೌಂಡುಗಳ ಅಳತೆಯಲ್ಲಿತ್ತು, ಇನ್ನೊಂದು ತಂಡ ಅದನ್ನು ನ್ಯೂಟನ್ ಅಳತೆಯೆಂದು ಭಾವಿಸಿತು. ಎರಡೂ ತಂಡದವರ ನಿತ್ಯದ ಭಾಷೆ ಇಂಗ್ಲಿಷೇ. ‘ಯಾವ ಅಳತೆಯಲ್ಲಿ?’ ಎಂದು ಕೇಳುವ, ಕೇಳದಿದ್ದರೂ ಹೇಳುವ ಒಂದು ಮಾತು ತಪ್ಪಿಹೋಯಿತು. ಆದುದರಿಂದ ಉದ್ಯೋಗದ ಭಾಷೆಯ ತಿರುಳು ಉಚ್ಚಾರದ ಬೆಡಗಿನಲ್ಲಿಲ್ಲ. ನಿಖರತೆಯಲ್ಲಿದೆ, ತಿಳಿಯದಿದ್ದಾಗ ಮತ್ತೊಮ್ಮೆ ಕೇಳುವ ಧೈರ್ಯದಲ್ಲಿದೆ. ‘ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆ ಕಾರ್ಖಾನೆಗೂ ಸಲ್ಲುತ್ತದೆ.

ಇಲ್ಲಿ ಕನ್ನಡಾಭಿಮಾನಿಗಳಾದ ಮಿತ್ರರು ಆಕ್ಷೇಪವೆತ್ತುವುದು ಸಹಜ. ಕಾರ್ಕಳದ ಬೆಟ್ಟದ ಮೇಲೆ 42 ಅಡಿಯ ಗೊಮ್ಮಟ 1432ರಲ್ಲಿ ಎದ್ದು ನಿಂತಾಗ ಅಲ್ಲಿ ಯಾರಿಗೆ ಇಂಗ್ಲಿಷು ಬರುತ್ತಿತ್ತು? ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನು ಕನ್ನಡದಲ್ಲೇ ಬರೆಯಲಿಲ್ಲವೆ? 2021ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಭಾರತೀಯ ಭಾಷೆಗಳಲ್ಲಿ ಇಂಜಿನಿಯರಿಂಗ್ ಬೋಧಿಸಲು ಅನುಮತಿಯಿತ್ತಾಗ ಅವುಗಳಲ್ಲಿ ಕನ್ನಡವೂ ಇತ್ತಲ್ಲ? ಇದೆಲ್ಲ ನಿಜ. ವಿಜ್ಞಾನವನ್ನು ಹೇಳಲು ಕನ್ನಡಕ್ಕೆ ಶಕ್ತಿಯಿಲ್ಲವೆಂದು ನಾನು ಎಂದಿಗೂ ಒಪ್ಪಲಾರೆ. ಜಪಾನಿನವರಂತೆ, ಜರ್ಮನಿಯವರಂತೆ ನಾವೂ ನಮ್ಮ ಭಾಷೆಯಲ್ಲೇ ಯಂತ್ರಶಾಸ್ತ್ರ ಕಲಿಯುವ ದಿನ ಬರಲಿ. ಆದರೆ ಗೊಮ್ಮಟನ ಶಿಲ್ಪಿಗಳೆಲ್ಲ ಒಂದೇ ಬಂಡೆಯ ಸುತ್ತ ನಿಂತು ಮಾತಾಡಿಕೊಳ್ಳಬಹುದಾಗಿತ್ತು. ಇಂದಿನ ಯಂತ್ರದ ನಕ್ಷೆ ಒಂದು ದೇಶದ್ದು, ಬಿಡಿಭಾಗ ಇನ್ನೊಂದು ದೇಶದ್ದು, ಜೋಡಿಸುವವನು ಕಾರ್ಕಳದವನು. ಇವರನ್ನೆಲ್ಲ ಒಂದೆಡೆ ಸೇರಿಸುವ ಕಾಗದ ಸದ್ಯಕ್ಕೆ ಇಂಗ್ಲಿಷಿನಲ್ಲಿದೆ. ಆ ಒಳ್ಳೆಯ ದಿನ ಬರುವವರೆಗೆ ಅಣ್ಣನಂಥವರು ಕೆಲಸ ಕಳೆದುಕೊಳ್ಳುತ್ತ ಕಾಯಬೇಕೆ?

‘ಈಗ ಮೊಬೈಲ್ ಫೋನೇ ಅನುವಾದ ಮಾಡಿಕೊಡುತ್ತದೆ, ಕಲಿಯುವ ಶ್ರಮವೇಕೆ?’ ಎನ್ನುವವರೂ ಇದ್ದಾರೆ. ಅದರ ಸಹಾಯವನ್ನು ಖಂಡಿತ ಪಡೆಯೋಣ, ನಾವೂ ಪಡೆದಿದ್ದೇವೆ. ಆದರೆ ಕಾಗದದ ಕೆಳಗೆ ಸಹಿ ಹಾಕುವವನು ಫೋನಲ್ಲ, ಮನುಷ್ಯ. ತಾನು ಹೇಳಿದ್ದನ್ನೇ ಅದು ಬರೆದಿದೆಯೇ ಎಂದು ನೋಡಿ ತಿಳಿಯುವಷ್ಟಾದರೂ ಭಾಷೆ ಅವನಿಗಿರಬೇಡವೆ?

ಹಾಗಾದರೆ ಅಡ್ಡಿಯಾಗಿರುವುದೇನು? ನನ್ನ ಅಲ್ಪಮತಿಗೆ ತೋಚಿದಂತೆ, ಇಂಗ್ಲಿಷಿನ ಕಷ್ಟವಲ್ಲ, ಅದರ ಸುತ್ತಲಿನ ನಾಚಿಕೆ. ನಮ್ಮ ಊರಿನ ಸ್ಥಿತಿಯನ್ನೇ ಯೋಚಿಸಿ. ನನ್ನಂಥವರ ಮನೆಮಾತು ತುಳು. ಶಾಲೆಗೆ ಸೇರಿದ ದಿನ ಪುಸ್ತಕದ ಕನ್ನಡ ನಮಗೆ ಹೊಸತು. ಆದರೂ ಕಲಿತೆವು, ಇಂದು ಈ ಪುಟದಲ್ಲಿ ನಿಮ್ಮೊಡನೆ ಮಾತಾಡುತ್ತಿದ್ದೇನೆ. ಆಗ ತಪ್ಪಿದರೆ ಯಾರೂ ನಗಲಿಲ್ಲ. ಬೆಂಚಿನ ಮೇಲಿದ್ದ ಎಲ್ಲರೂ ತಪ್ಪುವವರೇ ಆಗಿದ್ದರು. ಇನ್ನು ಯಕ್ಷಗಾನವನ್ನು ನೋಡಿ. ಹೆಚ್ಚು ಓದದ ಎಷ್ಟೋ ಕಲಾವಿದರು ರಂಗಸ್ಥಳದಲ್ಲಿ ಒಂದೂ ಇಂಗ್ಲಿಷು ಪದ ಬೆರೆಸದೆ, ಬರೆದ ಸಂಭಾಷಣೆಯಿಲ್ಲದೆ ಶುದ್ಧ ಕನ್ನಡದಲ್ಲಿ ಅರ್ಥ ಹೇಳುತ್ತಾರೆ. ಆ ಭಾಷೆ ಅವರಿಗೆ ಎಲ್ಲಿಂದ ಬಂತು? ಹಿರಿಯರ ಮಾತನ್ನು ಕೇಳಿ ಬಂತು. ಮೊದಲು ಪೂರ್ವರಂಗದ ಕೋಡಂಗಿ, ಬಾಲಗೋಪಾಲ. ಆಮೇಲೆ ಸಣ್ಣ ಪಾತ್ರಗಳು. ರಾಜವೇಷ ಎಷ್ಟೋ ವರ್ಷಗಳ ಅನಂತರ. ಮೇಳಕ್ಕೆ ಸೇರಿದ ಮೊದಲ ದಿನವೇ ಕರ್ಣನ ಅರ್ಥ ಹೇಳು ಎಂದು ಯಾರೂ ಹುಡುಗನನ್ನು ನಿಲ್ಲಿಸುವುದಿಲ್ಲ. ನಾವಾದರೋ ಇಂಗ್ಲಿಷಿನಲ್ಲಿ ಅದನ್ನೇ ಮಾಡುತ್ತೇವೆ. ಹನ್ನೆರಡು ವರ್ಷ ಪುಸ್ತಕ ಉರುಹೊಡೆಸಿ, ಸಂದರ್ಶನದ ದಿನ ಒಮ್ಮೆಲೇ ನಿರರ್ಗಳವಾಗಿ ಮಾತಾಡು ಎನ್ನುತ್ತೇವೆ.

ನಮ್ಮ ಜಿಲ್ಲೆ ತಾಂತ್ರಿಕ ಶಿಕ್ಷಣಕ್ಕೆ ಹೊಸತಲ್ಲ. ಮಣ್ಣುಪಳ್ಳವೆಂಬ ಕೆರೆಯ ಹೆಸರಿನಿಂದ ಹೆಸರು ಪಡೆದ ಮಣಿಪಾಲದ ಗುಡ್ಡದ ಮೇಲೆ ಟಿ.ಎಂ.ಎ. ಪೈಗಳು 1957ರಲ್ಲಿ ಇಂಜಿನಿಯರಿಂಗ್ ಕಾಲೇಜನ್ನು ತೆರೆದರು. ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ 1986ರಲ್ಲಿ ಇನ್ನೊಂದು ಆರಂಭವಾಯಿತು. ನಮ್ಮ ಕಾಪುವಿಗೆ ಹೆಚ್ಚು ದೂರವಲ್ಲದ ಬಂಟಕಲ್ಲಿನಲ್ಲೂ ಒಂದಿದೆ. ದೇಶದ ನಾನಾ ಭಾಗಗಳ ಯುವಕರು ಇಲ್ಲಿಗೆ ಬರುತ್ತಾರೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ತನ್ನ ಕಾಲೇಜುಗಳಿಗೆ ಬರುವ ಕನ್ನಡೇತರರಿಗೆ ‘ಬಳಕೆ ಕನ್ನಡ’ ಎಂಬ ಪಾಠವನ್ನಿಟ್ಟಿದೆ. ಎಷ್ಟು ಒಳ್ಳೆಯ ಹೆಸರು! ಹೊರಗಿನಿಂದ ಬಂದ ಹುಡುಗನಿಗೆ ಮೊದಲು ಪಂಪನ ಕಾವ್ಯವನ್ನಿಟ್ಟು ಹೆದರಿಸದೆ, ಅಂಗಡಿಯಲ್ಲಿ, ಬಸ್ಸಿನಲ್ಲಿ ಆಡುವ ಮಾತನ್ನು ಅವನ ಕೈಗೆ ಕೊಡುವುದು. ಇದೇ ವಿವೇಕವನ್ನು ನಮ್ಮ ಮಕ್ಕಳಿಗೂ ಏಕೆ ತೋರಬಾರದು? ಅವರಿಗೆ ಬಳಕೆ ಕನ್ನಡವಿದ್ದಂತೆ ನಮಗೆ ಕೆಲಸದ ಇಂಗ್ಲಿಷು ಬೇಕು.

ಈ ಕೆಲಸ ನಮ್ಮ ಕಲಾ ಕಾಲೇಜಿನಿಂದಲೇ ಆರಂಭವಾಗಬಹುದೆಂಬುದು ನನ್ನ ಸವಿನಯ ಸೂಚನೆ. ವಾರಕ್ಕೊಂದು ಗಂಟೆ ಸಾಕು. ಹತ್ತಿರದ ಐ.ಟಿ.ಐ., ಪಾಲಿಟೆಕ್ನಿಕ್ ವಿದ್ಯಾರ್ಥಿಗಳೂ ನಾವೂ ಜೋಡಿ ಜೋಡಿಯಾಗಿ ಕುಳಿತುಕೊಳ್ಳೋಣ. ವಸ್ತು ಅವರದು, ವ್ಯಾಕರಣ ನಮ್ಮದು. ಮೊದಲು ಯಂತ್ರದ ಕತೆಯನ್ನು ಅವರು ತುಳುವಿನಲ್ಲೋ ಕನ್ನಡದಲ್ಲೋ ಹೇಳಲಿ. ಅದನ್ನು ಮೂರೇ ವಾಕ್ಯಗಳ ಇಂಗ್ಲಿಷಿಗೆ ಇಳಿಸೋಣ. ಅಧ್ಯಾಪಕರು ಕನ್ನಡದಲ್ಲೇ ವಿವರಿಸಿ ತಿದ್ದಲಿ. ವರದಿ ಬರೆಯುವುದು, ಪ್ರಶ್ನೆ ಕೇಳುವುದು, ‘ಅರ್ಥವಾಗಲಿಲ್ಲ, ದಯವಿಟ್ಟು ಮತ್ತೊಮ್ಮೆ ಹೇಳಿ’ ಎನ್ನುವುದು, ‘ಇದು ಅಪಾಯಕರ, ನಾನು ಮಾಡಲಾರೆ’ ಎಂದು ಗೌರವದಿಂದ ನಿರಾಕರಿಸುವುದು. ಈ ನಾಲ್ಕು ವರ್ಷಾಂತ್ಯದೊಳಗೆ ಬಂದರೆ ಅದೇ ದೊಡ್ಡ ಗಳಿಕೆ. ಪದ್ಯಪಾಠವನ್ನು ತೆಗೆದುಹಾಕಬೇಕೆಂದು ನಾನು ಹೇಳುತ್ತಿಲ್ಲ. ಇಂಗ್ಲಿಷು ಪದ್ಯಗಳನ್ನು ನಾನು ಪ್ರೀತಿಯಿಂದಲೇ ಓದಿದ್ದೇನೆ. ಆ ಪಾಠದ ಪಕ್ಕದಲ್ಲಿ ಇದಕ್ಕೂ ಒಂದು ಮಣೆ ಹಾಕಿ ಎಂದಷ್ಟೇ ಬೇಡುತ್ತಿದ್ದೇನೆ. ಇದರಿಂದ ನಮಗೂ ಲಾಭವುಂಟು: ಬಿ.ಎ. ಓದಿದವರಿಗೆ ಏನು ಕೆಲಸ ಎಂದು ಕೇಳುವವರಿಗೆ, ಇನ್ನೊಬ್ಬರ ಜ್ಞಾನಕ್ಕೆ ವಾಕ್ಯ ಕಟ್ಟಿಕೊಡುವ ಕೆಲಸ ಎನ್ನಬಹುದು. ಆ ತರಗತಿಗೆ ಒಂದೇ ಕಟ್ಟುಪಾಡು ಇರಲಿ: ಯಾರ ತಪ್ಪಿಗೂ ಯಾರೂ ನಗತಕ್ಕದ್ದಲ್ಲ. ಇದು ‘ಶ್ಯಾಲ್’ ಎಂಬಂತೆ, ಸಲಹೆಯಲ್ಲ.

ನಮ್ಮ ಪಾಲಿನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಶಾಲೆ ಸರಿಯಿಲ್ಲ, ಮಾಧ್ಯಮ ಸರಿಯಿಲ್ಲ ಎಂದು ದೂರುತ್ತ ಕುಳಿತರೆ ವಾಕ್ಯ ತಾನಾಗಿ ಮೂಡುವುದಿಲ್ಲ. ನಮ್ಮ ನೋಟುಪುಸ್ತಕದ ಮೊದಲ ನಲವತ್ತು ವಾಕ್ಯಗಳಿಗೆ ಮೂರು ತಿಂಗಳು ಹಿಡಿಯಿತು. ಮುಂದಿನ ನಲವತ್ತಕ್ಕೆ ಮೂರು ವಾರವೂ ಬೇಕಾಗಲಿಲ್ಲ.

ಅಣ್ಣ ಈಗ ಕಾರ್ಕಳದ ಕಡೆಯ ಒಂದು ಗೇರುಬೀಜದ ಕಾರ್ಖಾನೆಯಲ್ಲಿ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದಾನೆ. ಸಂಬಳ ಹಿಂದಿನಷ್ಟಿಲ್ಲ, ಭಾಷೆ ಕಲಿತೊಡನೆ ಭಾಗ್ಯದ ಬಾಗಿಲು ತೆರೆಯಿತೆಂದು ನಾನು ಸುಳ್ಳು ಹೇಳಲಾರೆ. ಕಳೆದ ತಿಂಗಳು ಅಲ್ಲಿಯ ಯಂತ್ರವೊಂದರ ಬೆಲ್ಟು ಸವೆದದ್ದನ್ನು ಕಂಡು, ಯಂತ್ರ ತಯಾರಿಸಿದವರಿಗೆ ಅವನೇ ಇಂಗ್ಲಿಷಿನಲ್ಲಿ ಬರೆದ. ನಾಲ್ಕು ವಾಕ್ಯ. ಎರಡನೆಯದರಲ್ಲಿ ಒಂದು ತಪ್ಪು ಇತ್ತು. ಅದನ್ನು ನಾನು ಕಂಡದ್ದು ಪತ್ರ ಹೋದ ಮೇಲೆ. ಆದರೂ ಅವರು ಪ್ರಶ್ನೆಯನ್ನು ಅರಿತುಕೊಂಡು ಉತ್ತರ ಬರೆದರು, ಬೆಲ್ಟು ಬಂತು. ಆದಿತ್ಯವಾರ ಮನೆಗೆ ಬಂದವನು ಆ ಪತ್ರವನ್ನು ಅಪ್ಪನಿಗೆ ತುಳುವಿನಲ್ಲಿ ಓದಿ ಹೇಳಿದ. ಅಪ್ಪ ಕೇಳಿ, ‘ಇಷ್ಟೇನಾ? ಇದು ನನಗೂ ಗೊತ್ತಿತ್ತಲ್ಲ’ ಎಂದರು.

ಹೌದು, ಅವರಿಗೆ ಗೊತ್ತಿತ್ತು. ಬರೆಯಲು ಯಾರೂ ಕಲಿಸಿರಲಿಲ್ಲ. ಗೊತ್ತಿರುವವರ ಕೈಗೆ ವಾಕ್ಯವನ್ನು ಕೊಡುವ ಭಾರ ವಿದ್ಯಾವಂತರೆನಿಸಿಕೊಂಡ ನಮ್ಮ ಮೇಲಿದೆ. ಮುಂದಿನ ವರ್ಷದ ಸಂಚಿಕೆ ಹೊರಬರುವಾಗ ನಾನು ಈ ಕಾಲೇಜಿನಲ್ಲಿರುವುದಿಲ್ಲ. ಆ ವಾರದ ಒಂದು ಗಂಟೆ ಇರಲಿ ಎಂದು ಹಾರೈಸಿ ವಿರಮಿಸುತ್ತೇನೆ.